ಕಂಪನಿ ಮುಚ್ಚಿದ ಮೇಲೆ ಉಳಿದ ಡಬ್ಬಗಳು

2020ರ ಮೊದಲ ತಿಂಗಳುಗಳಲ್ಲಿ ನ್ಯೂಜಿಲೆಂಡಿನ ವಿಂಗ್‌ನಟ್ ವಿಂಗ್ಸ್ ಕಂಪನಿ ಬಾಗಿಲು ಹಾಕಿತು ಎಂಬ ಸುದ್ದಿ ಹಬ್ಬಿದಾಗ, ಮಾದರಿ ವಿಮಾನ ಕಟ್ಟುವವರು ಮಾಡಿದ ಮೊದಲ ಕೆಲಸ ಕಪಾಟು ತೆಗೆದು ಡಬ್ಬ ಎಣಿಸಿದ್ದು. ‘ಮುಂದೆ ಯಾವಾಗಲಾದರೂ ಕೊಂಡರಾಯಿತು’ ಎಂದು ಬಿಟ್ಟಿದ್ದ ಕಿಟ್‌ಗಳು ನೆನಪಾದದ್ದು ಆಮೇಲೆ. ಅಷ್ಟು ಹೊತ್ತಿಗೆ ಬೆಲೆ ಏರತೊಡಗಿತ್ತು. ಅದರ ಬೆನ್ನಿಗೇ ಎಲ್ಲರ ಬಾಯಲ್ಲಿ ಬಂದದ್ದು ಒಂದೇ ಪ್ರಶ್ನೆ: ಕಿಟ್ ಭಾಗಗಳನ್ನು ಒತ್ತುವ ಅಚ್ಚುಗಳು ಯಾರ ಪಾಲಾಗುತ್ತವೆ?

ಪ್ರಶ್ನೆ ಸಹಜವೇ. ಆದರೆ ಉಕ್ಕಿನ ಅಚ್ಚಿಗೆ ಎಣ್ಣೆ ಸವರಿ ಒಣಗಿದ ಜಾಗದಲ್ಲಿಟ್ಟರೆ ಅದು ದಶಕಗಟ್ಟಲೆ ಬಾಳುತ್ತದೆ. ಡಬ್ಬದೊಳಗಿನ ಡೆಕಲ್ ಹಾಳೆಗೆ, ಅಂದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಗುರುತುಗಳ ಹಾಳೆಗೆ, ಅಷ್ಟು ಆಯುಸ್ಸಿಲ್ಲ. ಮುರಿದ ಬಿಡಿಭಾಗಕ್ಕೆ ಬದಲಿ ಕಳಿಸುತ್ತಿದ್ದ ಕೈಗಳು ಈಗ ಅಲ್ಲಿಲ್ಲ. ಒಂದು ಕಂಪನಿ ನಿಂತಾಗ ನಿಜವಾಗಿ ಕಳೆದುಹೋಗುವುದು ಈ ಸಣ್ಣಪುಟ್ಟ ಆಸರೆಗಳು. ಅವುಗಳಲ್ಲಿ ಮುಕ್ಕಾಲು ಪಾಲನ್ನು ನಾವೇ ಉಳಿಸಿಕೊಳ್ಳಬಹುದು.

ಮೊದಲು ಆ ಕಂಪನಿಯ ವಿಷಯ. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಅವರ ಒಡೆತನದಲ್ಲಿ ವೆಲಿಂಗ್ಟನ್ನಿನಿಂದ ನಡೆಯುತ್ತಿದ್ದ ವಿಂಗ್‌ನಟ್ ವಿಂಗ್ಸ್ 2009ರಲ್ಲಿ ಮೊದಲ ಕಿಟ್‌ಗಳನ್ನು ಹೊರತಂದಿತು. ಹಿಡಿದದ್ದು ಬಹುತೇಕ ಒಂದೇ ದಾರಿ: ಮೊದಲ ಮಹಾಯುದ್ಧದ ವಿಮಾನಗಳು, 1/32 ಅಳತೆಯಲ್ಲಿ. ಈ ಅಳತೆಯಲ್ಲಿ 8.53 ಮೀಟರ್ ರೆಕ್ಕೆಯ ಸಾಪ್‌ವಿತ್ ಕ್ಯಾಮಲ್ ಸುಮಾರು 27 ಸೆಂ.ಮೀ. ಆಗುತ್ತದೆ, ಅಂಗೈ ಮೇಲೆ ಕೂರುತ್ತದೆ. ಜಾಕ್ಸನ್ ಅವರದೇ ಇನ್ನೊಂದು ಸಂಸ್ಥೆಯಾದ ದಿ ವಿಂಟೇಜ್ ಏವಿಯೇಟರ್ ಅದೇ ಕಾಲದ ವಿಮಾನಗಳನ್ನು ಪೂರ್ಣ ಗಾತ್ರದಲ್ಲಿ, ಹಾರುವಂತೆ ಕಟ್ಟುತ್ತದೆ. ಮಾದರಿಯಲ್ಲಿ ಹೊಲಿಗೆಯ ಸಾಲು ಎಲ್ಲಿ ಬರಬೇಕು, ಎಂಜಿನ್ನಿನ ಯಾವ ಕೊಳವೆ ಯಾವುದರ ಹಿಂದೆ ಹೋಗಬೇಕು ಎಂಬುದು ಅಷ್ಟು ಖಚಿತವಾಗಿರಲು ಆ ನೆರೆಹೊರೆ ದೊಡ್ಡ ಕಾರಣ. ಕೈಪಿಡಿಯಂತೂ ಸಣ್ಣ ಪುಸ್ತಕವೇ. ಪ್ರತಿ ಹಂತದ ಪಕ್ಕದಲ್ಲಿ ಆ ಕಾಲದ ಫೋಟೋ, ರೆಕ್ಕೆಗಳನ್ನು ಬಿಗಿಯುವ ತಂತಿಗಳ ನಕ್ಷೆ ಬೇರೆ ಬಣ್ಣದಲ್ಲಿ, ಸಾಮಾನ್ಯವಾಗಿ ಐದು ಬೇರೆ ಬೇರೆ ವಿಮಾನಗಳ ಬಣ್ಣದ ವಿವರ. ಡೆಕಲ್‌ಗಳನ್ನು ಮುದ್ರಿಸಿದ್ದು ಇಟಲಿಯ ಕಾರ್ಟೋಗ್ರಾಫ್.

ಜೋಡಿ ರೆಕ್ಕೆಯ ಹಳೆಯ ವಿಮಾನಗಳೆಂದರೆ ಕಿಟ್ ತಯಾರಕರು ಹಿಂದೆ ಸರಿಯುತ್ತಿದ್ದ ಕಾಲವದು. ತಂತಿ ಕಟ್ಟುವುದು ಕಷ್ಟ, ರೆಕ್ಕೆಗಳನ್ನು ಜೋಡಿಸುವ ಊರೆಗೋಲುಗಳು ನೆಟ್ಟಗೆ ಕೂರುವುದಿಲ್ಲ, ಕೊಳ್ಳುವವರು ಕಡಿಮೆ. ಅಂಥ ಮೂಲೆಗುಂಪಾದ ವಿಷಯಕ್ಕೆ ಇಷ್ಟು ಮಮತೆಯಿಂದ ದುಡಿದವರು ನಿಂತುಹೋದಾಗ ಆದ ನೋವು ಬರೀ ಸಾಮಾನು ಸಿಗದ ನೋವಾಗಿರಲಿಲ್ಲ.

ಕಿಟ್ ಕಂಪನಿಗಳು ಮುಚ್ಚುವುದು ಹೊಸತೂ ಅಲ್ಲ. 1/72 ಅಳತೆಯ ಪ್ಲಾಸ್ಟಿಕ್ ಕಿಟ್‌ಗಳನ್ನು 1936ರಲ್ಲಿ ಶುರುಮಾಡಿದ ಬ್ರಿಟನ್ನಿನ ಫ್ರಾಗ್ 1970ರ ದಶಕದಲ್ಲಿ ಕಣ್ಮರೆಯಾಯಿತು. ಅದರ ಹೆಚ್ಚಿನ ಅಚ್ಚುಗಳು ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಎಂಬ ಹೆಸರಿನಲ್ಲಿ ಕಿಟ್‌ಗಳಾದವು. ಜರ್ಮನಿ, ಜಪಾನಿನಂಥ ಶತ್ರುಪಕ್ಷದ ವಿಮಾನಗಳ ಅಚ್ಚುಗಳು ಅಲ್ಲಿಗೆ ಹೋಗಲಿಲ್ಲ, ರೆವೆಲ್ ಪಾಲಾದವು. ಆಮೇಲೆ ಅವೇ ಸೋವಿಯತ್ ಅಚ್ಚುಗಳಿಂದ ಡೆಕಲ್ ಇಲ್ಲದ, ವಿವರ ಇಲ್ಲದ ಅಗ್ಗದ ಚೀಲಗಳೂ ಬಂದವು. ಪ್ಲಾಸ್ಟಿಕ್ ಅದೇ ಆಕಾರದ್ದು, ಕಿಟ್ ಮಾತ್ರ ಅದಲ್ಲ. ಮ್ಯಾಚ್‌ಬಾಕ್ಸ್ ಕಿಟ್‌ಗಳ ತಯಾರಕ ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಏರ್‌ಫಿಕ್ಸ್ 1981ರಲ್ಲಿ ಒಮ್ಮೆ, 2006ರಲ್ಲಿ ಇನ್ನೊಮ್ಮೆ ಮುಳುಗಿ ಎದ್ದಿತು. ಎರಡನೇ ಸಲ ಹಾರ್ನ್‌ಬಿ ಅದನ್ನು ಕೊಂಡಾಗ, ಅಚ್ಚು ಒತ್ತುವ ಕೆಲಸ ಫ್ರಾನ್ಸಿನ ಹೆಲ್ಲರ್ ಕಾರ್ಖಾನೆಯಲ್ಲಿ ಸಿಕ್ಕಿಕೊಂಡಿತ್ತು. ಏರ್‌ಫಿಕ್ಸ್ ಇಂದು ಮತ್ತೆ ಗಟ್ಟಿಯಾಗಿ ನಿಂತಿರುವುದು ಹಳೆಯ ಅಚ್ಚುಗಳ ಬಲದಿಂದಷ್ಟೇ ಅಲ್ಲ. ಹೊಸದಾಗಿ ಸಂಶೋಧನೆ ಮಾಡಿ ಹೊಸ ಅಚ್ಚು ಕೊರೆಸುವ ತಂಡ ಕಟ್ಟಿದ್ದರಿಂದ.

ವಿಂಗ್‌ನಟ್ ವಿಂಗ್ಸ್ ವಿಷಯದಲ್ಲೂ ಹೀಗೇ ಹಂಚಿಹೋಯಿತು. ಇನ್ನೂ ಮಾರಾಟಕ್ಕೆ ಬಾರದಿದ್ದ ಫೋಕರ್ ಡಿಆರ್.1 ತ್ರಿರೆಕ್ಕೆಯ ಅಚ್ಚು ಮೆಂಗ್ ಕಂಪನಿಗೆ, ಸುಮಾರು 97 ಸೆಂ.ಮೀ. ರೆಕ್ಕೆಯ ದೈತ್ಯ ಲ್ಯಾಂಕಾಸ್ಟರ್ (ಎರಡನೇ ಮಹಾಯುದ್ಧದ ಬಾಂಬರ್) ಬಾರ್ಡರ್ ಮಾಡೆಲ್‌ಗೆ ಹೋಯಿತು. ಹ್ಯಾಂಡ್ಲಿ ಪೇಜ್ ಓ/400 ಬಾಂಬರ್ ಹೊರಬರುವ ಹೊಸ್ತಿಲಲ್ಲಿದ್ದಾಗಲೇ ಕಂಪನಿ ನಿಂತಿತು. ಅಲ್ಲಿ ದುಡಿದವರಲ್ಲಿ ಕೆಲವರು ಮುಂದೆ ಕೊಟಾರೆ ಮಾಡೆಲ್ಸ್ ಎಂಬ ಹೆಸರಿನಲ್ಲಿ ಅದೇ ಅಳತೆಯ ಸ್ಪಿಟ್‌ಫೈರ್ ತಂದರು. ಕೊಟಾರೆ ಎಂದರೆ ಮಾವೊರಿ ಭಾಷೆಯಲ್ಲಿ ಮಿಂಚುಳ್ಳಿ. ಆ ಡಬ್ಬ ತೆರೆದು ಕೈಪಿಡಿ ನೋಡಿದವರಿಗೆ ಕೈ ಯಾರದೆಂದು ಹೇಳಬೇಕಾಗಿಲ್ಲ.

ಈಗ ಕಪಾಟಿನಲ್ಲಿರುವ, ಅಥವಾ ಯಾರಿಂದಲೋ ಕೊಳ್ಳಲಿರುವ ಡಬ್ಬಕ್ಕೆ ಬರೋಣ. ಬೆಲೆ ಎರಡು ಮೂರು ಪಟ್ಟು ಕೇಳುವವರಿದ್ದಾರೆ. ಕೊಡುವುದು ಬಿಡುವುದು ಅವರವರ ಇಷ್ಟ. ಆದರೆ ಕಟ್ಟುವ ಮನಸ್ಸಿಲ್ಲದೆ, ‘ಇನ್ನು ಸಿಗುವುದಿಲ್ಲ’ ಎಂಬ ಭಯಕ್ಕೆ ಕೊಂಡದ್ದು ತಪ್ಪು ಎಂದೇ ನನ್ನ ಎಣಿಕೆ. ಹತ್ತು ವರ್ಷ ಮುಚ್ಚಿಟ್ಟ ಕಿಟ್ ಹತ್ತು ವರ್ಷ ಹಳತಾಗಿರುತ್ತದೆ. ಅದರಲ್ಲೂ ಮೊದಲು ಕೆಡುವುದು ಡೆಕಲ್, ಹಾಗಾಗಿ ಕೊಳ್ಳುವ ಮೊದಲು ಡೆಕಲ್ ಹಾಳೆಯ ಸ್ಪಷ್ಟ ಫೋಟೋ ಕೇಳಿ. ಹಾಳೆಯ ಅಂಚು ಸುರುಳಿಯಾಗಿದೆಯೇ, ಬಿಳಿ ಜಾಗ ಹಳದಿಗೆ ತಿರುಗಿದೆಯೇ, ಓರೆ ಬೆಳಕಿನಲ್ಲಿ ಕೂದಲಿನಷ್ಟು ತೆಳುವಾದ ಬಿರುಕು ಕಾಣುತ್ತದೆಯೇ ನೋಡಿ. ‘ಸೀಲ್ ಒಡೆದಿಲ್ಲ’ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ಸೀಲ್ ಒಡೆಯದ ಡಬ್ಬದಲ್ಲೂ ತೇವ ನುಗ್ಗುತ್ತದೆ, ಭಾಗ ಎಣಿಸಿ ನೋಡಿದವರೂ ಇರುವುದಿಲ್ಲ.

ಡಬ್ಬ ಕೈಗೆ ಬಂದ ದಿನವೇ ಮಾಡಬೇಕಾದ ಕೆಲಸ ಇದು. ಕೈಪಿಡಿಯ ಮೊದಲ ಪುಟಗಳಲ್ಲಿರುವ ಭಾಗಗಳ ನಕ್ಷೆ ತೆರೆದಿಟ್ಟು, ಪ್ರತಿ ಸ್ಪ್ರೂವನ್ನು, ಅಂದರೆ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟನ್ನು, ಅದರ ಅಕ್ಷರಕ್ಕೆ ಹೋಲಿಸಿ ಗುರುತು ಹಾಕಿ. ಚೀಲದ ತಳದಲ್ಲಿ ಬಿದ್ದಿರುವ ಚೂರುಗಳನ್ನು ಹುಡುಕಿ. ಕಂಟ್ರೋಲ್ ಹಾರ್ನ್ (ನಿಯಂತ್ರಣ ತಂತಿ ಕಟ್ಟುವ ಸಣ್ಣ ಕೊಂಬು), ಸಣ್ಣ ಲಿವರ್ ಇಂಥವು ಕಳಚಿ ಅಲ್ಲೇ ಉಳಿದಿರುತ್ತವೆ. ಹಿಂದೆಲ್ಲ ಒಂದು ಭಾಗ ಕಡಿಮೆ ಬಂದರೆ ಪತ್ರ ಬರೆದರೆ ಸಾಕಿತ್ತು. ಈಗ ಆ ಕೊರತೆಯನ್ನು ಇಂದೇ ತಿಳಿದರೆ ಹುಡುಕಲು ಸಮಯವಿರುತ್ತದೆ. ಅರ್ಧ ಕಟ್ಟಿದ ಮೇಲೆ ತಿಳಿದರೆ ಮೇಜಿನ ಮೇಲೆ ವರ್ಷಗಟ್ಟಲೆ ಧೂಳು ಕೂರುತ್ತದೆ. ಜೊತೆಗೆ ಎಲ್ಲ ಸ್ಪ್ರೂಗಳನ್ನೂ, ಡೆಕಲ್ ಹಾಳೆಯನ್ನೂ, ಪಕ್ಕದಲ್ಲಿ ಒಂದು ಉಕ್ಕಿನ ಸ್ಕೇಲ್ ಇಟ್ಟು, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಡಿ. ಸ್ಕೇಲ್ ಯಾಕೆಂದರೆ ಸ್ಕ್ಯಾನರ್, ಪ್ರಿಂಟರ್ ಎರಡೂ ಅಳತೆಯಲ್ಲಿ ಒಂದಿಷ್ಟು ತಪ್ಪುತ್ತವೆ. ಮುಂದೊಂದು ದಿನ ಡೆಕಲ್ ಹೊಸದಾಗಿ ಮುದ್ರಿಸಬೇಕಾದರೆ ಆ ಸ್ಕೇಲಿನ ಗೆರೆಗಳೇ ಸಾಕ್ಷಿ.

ಡೆಕಲ್ ಇಡುವ ಕ್ರಮ ಸರಳ. ಹಾಳೆಯ ಮುಖಕ್ಕೆ ತೆಳು ಬಟರ್ ಪೇಪರ್ ಹೊದಿಸಿ, ಎರಡು ಹಾಳೆಗಳ ಮುಖ ಒಂದಕ್ಕೊಂದು ತಾಗದಂತೆ, ಗಟ್ಟಿ ರಟ್ಟಿನ ಜೊತೆ ಜಿಪ್ ಚೀಲಕ್ಕೆ ಹಾಕಿ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಲಗಿಸಿಯೇ ಇಡಬೇಕು. ನಿಲ್ಲಿಸಿದರೆ ಬಾಗುತ್ತದೆ, ಬಾಗಿದಲ್ಲಿ ಬಿರುಕು ಬಿಡುತ್ತದೆ. ಅಂಟು ನೀರಿನಲ್ಲಿ ಕರಗುವಂಥದ್ದು, ಹಾಗಾಗಿ ಗಾಳಿಯ ತೇವವೇ ಅದನ್ನು ಎಬ್ಬಿಸಿ ಪಕ್ಕದ ಕಾಗದಕ್ಕೆ ಅಂಟಿಸಿಬಿಡುತ್ತದೆ.

ಹಳೆಯ ಹಾಳೆಯನ್ನು ಬಳಸುವ ಮೊದಲು ಪರೀಕ್ಷೆ ಕಡ್ಡಾಯ. ಕಿಟ್‌ನಲ್ಲಿ ಐದು ವಿಮಾನಗಳ ಗುರುತುಗಳಿದ್ದರೆ ನಾಲ್ಕು ನಿಮಗೆ ಬೇಡ. ಬೇಡವಾದ ಒಂದು ಅಂಕಿ ಕತ್ತರಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ 20 ಸೆಕೆಂಡ್ ಅದ್ದಿ ತೆಗೆದು, ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಬಿಡಿ. ಬೆರಳಿನಿಂದ ಸರಿಸಿದಾಗ ಇಡಿಯಾಗಿ ಜಾರಿದರೆ ಹಾಳೆ ಚೆನ್ನಾಗಿದೆ. ಚೂರುಚೂರಾದರೆ ಗಾಬರಿ ಬೇಡ. ಇಡೀ ಹಾಳೆಗೆ ದ್ರವರೂಪದ ಡೆಕಲ್ ಫಿಲ್ಮ್ ಅಥವಾ ಹೊಳಪಿನ ಲ್ಯಾಕರ್ ಅನ್ನು ಎರಡು ತೆಳು ಪದರವಾಗಿ ಸಿಂಪಡಿಸಿ, ಒಂದು ದಿನ ಒಣಗಿಸಿ. ಆಮೇಲೆ ಮರೆಯಬಾರದ ಸಂಗತಿಯೊಂದಿದೆ: ಈಗ ಇಡೀ ಹಾಳೆ ಒಂದೇ ಡೆಕಲ್. ಪ್ರತಿ ಗುರುತನ್ನೂ ಬಣ್ಣದ ಅಂಚಿಗೆ ಒತ್ತಿ ಕತ್ತರಿಸಬೇಕು. ಹಳದಿಯಾದ ಹಾಳೆಯನ್ನು ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ, ಮುದ್ರಣ ಹೊರಮುಖವಾಗಿ ಅಂಟಿಸಿದರೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ದಿನಾ ನೋಡುತ್ತಿರಬೇಕು. ಅದೇ ಬಿಸಿಲು ಕೆಂಪನ್ನೂ ತಿನ್ನುತ್ತದೆ.

ಜರ್ಮನ್ ವಿಮಾನಗಳ ಬಹುಬಣ್ಣದ ಲಾಜೆಂಜ್ (ಬಹುಭುಜ ಚೂರುಗಳ ವಿನ್ಯಾಸದ) ಬಟ್ಟೆಯ ಡೆಕಲ್‌ಗಳೇ ಇಡೀ ಕಿಟ್‌ನಲ್ಲಿ ಎದೆ ನಡುಗಿಸುವ ಭಾಗ. ರೆಕ್ಕೆಯ ಆಕಾರಕ್ಕೆ ಸರಿಯಾಗಿ ಬಂದಿರುವ ಅಂಗೈ ಅಗಲದ ಹಾಳೆ ಒಮ್ಮೆ ಮಡಚಿಕೊಂಡಿತೆಂದರೆ ಬಿಡಿಸಲಾಗದು, ಬದಲಿಯೂ ಇಲ್ಲ. ರೆಕ್ಕೆಗೆ ಮೊದಲು ತಿಳಿ ಬಣ್ಣ, ಮೇಲೆ ಹೊಳಪಿನ ಪದರ ಕೊಟ್ಟು 24 ಗಂಟೆ ಒಣಗಿಸಿ. ರೆಕ್ಕೆಯ ಮೇಲೆ ನೀರು ಧಾರಾಳವಾಗಿ ಹರಡಿ, ಡೆಕಲನ್ನು ಕಾಗದದ ಸಮೇತ ಜಾಗಕ್ಕೆ ತಂದು, ಡೆಕಲ್ ಅಲ್ಲಾಡದಂತೆ ಕುಂಚದಿಂದ ಹಿಡಿದು, ಕಾಗದವನ್ನು ಕೆಳಗಿನಿಂದ ಎಳೆಯಿರಿ. ಡೆಕಲನ್ನು ಎಳೆಯಬೇಡಿ, ಕಾಗದವನ್ನು ಎಳೆಯಿರಿ. ನಡುವಿನಿಂದ ಅಂಚಿಗೆ ನೀರನ್ನು ಒತ್ತುತ್ತ ಬನ್ನಿ. ಮೆದುಗೊಳಿಸುವ ದ್ರಾವಣವನ್ನು ಹಚ್ಚಿದ ಮೇಲೆ ಸುಕ್ಕು ಏಳುವುದು ಸಹಜ, ಆಗ ಮುಟ್ಟಿದರೆ ಹರಿಯುತ್ತದೆ. ಅರ್ಧ ಗಂಟೆಯಲ್ಲಿ ತಾನೇ ಕೂರುತ್ತದೆ. ಒಂದು ಕೂತಲ್ಲಿ ರೆಕ್ಕೆಯ ಒಂದು ಮೈ, ಅಷ್ಟು ಸಾಕು.

ಪ್ಲಾಸ್ಟಿಕ್ಕಿನ ತೊಂದರೆಗಳು ಇಷ್ಟು ಮೊಂಡಲ್ಲ. ತೆಳು ರೆಕ್ಕೆ ಡಬ್ಬದೊಳಗೆ ಬಾಗಿದ್ದರೆ 60 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಸಮತಟ್ಟು ಗಾಜಿನ ಮೇಲೆ ಒತ್ತಿ ಹಿಡಿದು ತಣ್ಣೀರು ಹಾಕಿ, ಬೇಕಾದರೆ ಮತ್ತೆ ಮಾಡಿ. ಕುದಿಯುವ ನೀರು ಬೇಡ, ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲಿ ಆಕಾರವನ್ನೇ ಬಿಟ್ಟುಕೊಡುತ್ತದೆ. ಊರೆಗೋಲು ಮುರಿಯುವುದು ಬಹುತೇಕ ಸ್ಪ್ರೂನಿಂದ ಬಿಡಿಸುವಾಗ. ಕಟರ್ ಬಾಯಿ ಮುಚ್ಚುವಾಗ ಎರಡು ಕಡೆಗೆ ತಳ್ಳುತ್ತದೆ, ಆ ತಳ್ಳುವಿಕೆ ತುದಿಯ ಸಣ್ಣ ಪಿನ್ನಿಗೆ ಬೀಳುತ್ತದೆ. ಮೊದಲು ಚೌಕಟ್ಟನ್ನೇ ದೂರದಲ್ಲಿ ತುಂಡರಿಸಿ ಒತ್ತಡ ಇಳಿಸಿ, ಆಮೇಲೆ ಸಣ್ಣ ಗರಗಸದಿಂದ ಭಾಗವನ್ನು ಬಿಡಿಸಿ. ಮುರಿದೇ ಹೋಗಿದ್ದರೆ ಎರಡೂ ತುಂಡಿಗೆ 0.4 ಮಿ.ಮೀ. ತೂತು ಕೊರೆದು ಹಿತ್ತಾಳೆ ಕಡ್ಡಿ ತೂರಿಸಿ ಅಂಟಿಸಿದರೆ ಮೂಲಕ್ಕಿಂತ ಗಟ್ಟಿ. ಕಳೆದೇ ಹೋಗಿದ್ದರೆ, ಜೊತೆಯ ಊರೆಗೋಲನ್ನು ಎರಡು ಭಾಗದ ಸಿಲಿಕೋನ್ ಪುಟ್ಟಿಯಲ್ಲಿ ಒತ್ತಿ ಅಚ್ಚು ತೆಗೆದು ಎಪಾಕ್ಸಿ ಪುಟ್ಟಿ ತುಂಬಬಹುದು. ಒಳಗೆ ಒಂದು ಲೋಹದ ಕಡ್ಡಿ ಇಡುವುದು ಕ್ಷೇಮ, ಏಕೆಂದರೆ ಮೇಲಿನ ರೆಕ್ಕೆಯ ಭಾರ ಅದರ ಮೇಲಿದೆ.

ಈ ಕಿಟ್‌ಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ದೂರು: ‘ಒಣ ಜೋಡಣೆಯಲ್ಲಿ (ಅಂಟು ಹಾಕದೆ ಜೋಡಿಸಿದಾಗ) ಸರಿಯಾಗಿ ಕೂತಿತ್ತು, ಬಣ್ಣ ಹೊಡೆದ ಮೇಲೆ ಕೂರುತ್ತಿಲ್ಲ.’ ದೋಷ ಅಚ್ಚಿನದಲ್ಲ, ಅಚ್ಚಿನ ಬಿಗಿತನದ್ದು. ಪ್ರೈಮರ್, ಬಣ್ಣ, ವಾರ್ನಿಷ್ ಸೇರಿ ಒಂದು ಮೇಲ್ಮೈಗೆ 0.05 ಮಿ.ಮೀ. ಹಿಡಿಯೋಣ. ಕಾಕ್‌ಪಿಟ್ಟಿನ ಪಕ್ಕದ ಚೌಕಟ್ಟು ವಿಮಾನದ ಮೈಗೆ ಒರಗುವಲ್ಲಿ ಒಂದೊಂದು ಬದಿಗೆ ಎರಡು ಮೇಲ್ಮೈ, ಎರಡೂ ಬದಿ ಸೇರಿ ನಾಲ್ಕು, ಒಟ್ಟು 0.2 ಮಿ.ಮೀ. ಬೇರೆ ಕಿಟ್‌ಗಳಲ್ಲಿ ಅಷ್ಟು ಸಡಿಲ ಇದ್ದೇ ಇರುತ್ತದೆ, ಇಲ್ಲಿಲ್ಲ. ಆ 0.2 ಮಿ.ಮೀ. ವಿಮಾನದ ಮೈಯ ಎರಡು ಹೋಳುಗಳ ನಡುವೆ ಬಿರುಕಾಗಿ ಕಾಣುತ್ತದೆ. ಅದನ್ನು ಕ್ಲಾಂಪ್ ಹಾಕಿ ಬಲವಂತಕ್ಕೆ ಮುಚ್ಚಿದರೆ ಮೈ ಉಬ್ಬಿ ಕೆಳರೆಕ್ಕೆಯ ಕೂಡು ತೆರೆದುಕೊಳ್ಳುತ್ತದೆ, ಅಲ್ಲಿಂದ ಮುಂದೆ ಎಲ್ಲ ಓರೆ. ಬಣ್ಣ ಹೊಡೆಯುವ ಮೊದಲೇ ಕೂಡುವ ಮೈಗಳಿಗೂ ಪಿನ್‌ಗಳಿಗೂ ಮಾಸ್ಕಿಂಗ್ ಟೇಪ್ ಸುತ್ತುವುದು ಒಳ್ಳೆಯದು. ಮರೆತಿದ್ದರೆ ಬ್ಲೇಡಿನ ಬೆನ್ನಿನಿಂದ ಹೆರೆದು ಬರಿ ಪ್ಲಾಸ್ಟಿಕ್ ಕಾಣಿಸಿ. ತೂತುಗಳಲ್ಲಿ ಅದೇ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಪ್ಲಾಸ್ಟಿಕ್ ಅಂಟು ಬಣ್ಣದ ಮೇಲೆ ಹಿಡಿಯುವುದಿಲ್ಲ ಎಂಬುದೂ ಇದಕ್ಕೆ ಇನ್ನೊಂದು ಕಾರಣ.

ಮೇಲಿನ ರೆಕ್ಕೆ ಕೂರಿಸುವಾಗ ಅವಸರದ ಅಂಟು ಬೇಡ. ಸೂಪರ್‌ಗ್ಲೂ ತಿದ್ದಲು ಬಿಡುವುದಿಲ್ಲ, ಅದರ ಆವಿ ಗಾಜಿನಂಥ ಪಾರದರ್ಶಕ ಭಾಗದ ಮೇಲೆ ಬಿಳಿ ಮಬ್ಬನ್ನೂ ಬಿಡುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಹಚ್ಚಿ, ಎರಡೂ ರೆಕ್ಕೆತುದಿಯಿಂದ ಬಾಲದ ಕಂಬಕ್ಕೆ ದಾರದಲ್ಲಿ ಅಳೆದು ಸಮ ಮಾಡಿ, ಎದುರಿನಿಂದ ನೋಡಿ. ಆಯಾ ವಿಮಾನದ ಲಕ್ಷಣ ತಿಳಿದಿರಬೇಕು. ಕ್ಯಾಮಲ್‌ನ ಮೇಲಿನ ರೆಕ್ಕೆ ಸಮತಟ್ಟು, ಕೆಳಗಿನದಕ್ಕೆ ಮಾತ್ರ 5 ಡಿಗ್ರಿ ಏರು. ಹಾಗಾಗಿ ತುದಿಗೆ ಹೋದಂತೆ ಎರಡರ ನಡುವಿನ ಅಂತರ ಕಿರಿದಾಗುತ್ತದೆ. ಇದು ತಿಳಿಯದವರು ‘ಓರೆಯಾಗಿದೆ’ ಎಂದು ಸರಿಮಾಡಲು ಹೋಗಿ ಕೆಡಿಸುತ್ತಾರೆ.

ತಂತಿಯ ಭಯ ಇರುವವರು ಫೋಕರ್ ಡಿ.7ರಿಂದ ಶುರುಮಾಡಲಿ. ಅದರ ದಪ್ಪ ರೆಕ್ಕೆಗಳು ತಮ್ಮ ಬಲದ ಮೇಲೆ ತಾವೇ ನಿಲ್ಲುವಂಥವು, ರೆಕ್ಕೆಗಳ ನಡುವೆ ಕಟ್ಟುತಂತಿ ಇಲ್ಲ. ಚಕ್ರದ ಕಾಲುಗಳ ನಡುವೆ, ನಿಯಂತ್ರಣ ಪಟ್ಟಿಗಳಿಗೆ ಒಂದಿಷ್ಟು ಕಟ್ಟಿದರೆ ಮುಗಿಯಿತು. ಕ್ಯಾಮಲ್‌ನಂಥದಕ್ಕೆ 0.3 ಮಿ.ಮೀ. ತೂತುಗಳನ್ನು ಬಣ್ಣಕ್ಕೆ ಮೊದಲೇ, ತಂತಿ ಹೋಗುವ ದಿಕ್ಕಿಗೆ ಓರೆಯಾಗಿ, 1.5 ಮಿ.ಮೀ. ಆಳಕ್ಕೆ ಕೊರೆಯಿರಿ. ರೆಕ್ಕೆಯ ಆಚೆ ಬದಿಗೆ ತೂತು ಹೊರಡಿಸಿ ದಾರ ಎಳೆಯುವ ವಿಧಾನ ಸುಲಭವೆನ್ನಿಸುತ್ತದೆ. ಆದರೆ ಆಮೇಲೆ ಆ ತೂತು ಮುಚ್ಚಿ ಉಜ್ಜಬೇಕು, ಉಜ್ಜಿದರೆ ಅಷ್ಟು ಕಷ್ಟಪಟ್ಟು ಕೂರಿಸಿದ ಡೆಕಲ್ ಹೋಗುತ್ತದೆ. ಮೇಲಿನ ರೆಕ್ಕೆಯ ತೂತುಗಳಲ್ಲಿ ದಾರಗಳನ್ನು ರೆಕ್ಕೆ ಕೂರಿಸುವ ಮೊದಲೇ ಅಂಟಿಸಿ ನೇತುಬಿಡಿ, ಆಮೇಲೆ ಕೆಳಗಿನ ರೆಕ್ಕೆಯ ಸಣ್ಣ ಲೋಹದ ಕೊಂಡಿಗಳಿಗೆ, ಮೈಯ ಹತ್ತಿರದಿಂದ ತುದಿಯ ಕಡೆಗೆ, ಒಂದೊಂದಾಗಿ ಕಟ್ಟುತ್ತ ಹೋಗಿ. ನೈಲಾನ್ ದಾರ ತೇವ ಹೀರಿ ಕಾಲಕ್ರಮೇಣ ಜೋಲುತ್ತದೆ. 0.1 ಮಿ.ಮೀ. ಎಲಾಸ್ಟಿಕ್ ದಾರ ಜೋಲುವುದಿಲ್ಲ, ಕೈ ತಾಗಿದರೂ ಮರಳಿ ಬಿಗಿಯಾಗುತ್ತದೆ. ಅದನ್ನು ಹತ್ತನೇ ಒಂದು ಪಾಲಿಗಿಂತ ಹೆಚ್ಚು ಎಳೆಯಬೇಡಿ, ಅಂಟು ಬಿಟ್ಟುಕೊಡುತ್ತದೆ.

ಕಟ್ಟಿ ಮುಗಿದ ಮೇಲೆ ಉಳಿಯುವ ಸಾಮಾನಿನ ಮಾತು. ಒಂದೇ ಚೌಕಟ್ಟಿನಲ್ಲಿ ಹಲವು ಮಾದರಿಗಳ ಭಾಗಗಳಿರುವುದರಿಂದ ಬೇರೆ ಪ್ರೊಪೆಲ್ಲರ್, ಬೇರೆ ವಿಂಡ್‌ಸ್ಕ್ರೀನ್, ಕೆಲವೊಮ್ಮೆ ಇನ್ನೊಂದು ಬಗೆಯ ಮೆಷಿನ್‌ಗನ್, ನಾಲ್ಕು ವಿಮಾನಗಳ ಡೆಕಲ್ ಮಿಗುತ್ತವೆ. ಅವನ್ನು ಎಸೆಯಬೇಡಿ. ಕಂಪನಿಯ ಬಿಡಿಭಾಗ ವಿಭಾಗ ಈಗ ಹೀಗೆ ಮನೆಮನೆಯ ಡಬ್ಬಗಳಲ್ಲಿ ಹಂಚಿಹೋಗಿದೆ. ಸ್ಪ್ರೂನಿಂದ ಬಿಡಿಸದೆ, ಚೌಕಟ್ಟಿನ ಅಕ್ಷರ ಕಾಣುವ ತುಂಡಿನ ಸಮೇತ ಕತ್ತರಿಸಿ ಜಿಪ್ ಚೀಲಕ್ಕೆ ಹಾಕಿ. ಚೀಟಿಯಲ್ಲಿ ಕಿಟ್ ಸಂಖ್ಯೆ, ಸ್ಪ್ರೂ ಅಕ್ಷರ, ಭಾಗದ ಸಂಖ್ಯೆ, ಎಷ್ಟು ಇವೆ ಎಂದು ಬರೆಯಿರಿ. ಚೀಲದ ಮೇಲೆ ಮಾರ್ಕರಿನಿಂದ ಬರೆದದ್ದು ಒರೆಸಿಹೋಗುತ್ತದೆ, ಹಾಗಾಗಿ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಚೀಲದ ಒಳಗೇ ಇಡಿ. ‘ಎಸ್.ಇ.5ಎ ವಿಮಾನದ ಎಡಗಡೆಯ ಹೊರ ಊರೆಗೋಲು ಯಾರಲ್ಲಾದರೂ ಇದೆಯೇ?’ ಎಂದು ಯಾರಾದರೂ ಕೇಳಿದ ದಿನ ಐದು ನಿಮಿಷದಲ್ಲಿ ಕೈಗೆ ಸಿಗುವಂತಿರಬೇಕು.